ಗೀಟಿನ ಕೆಳಗೆ ಉಳಿದದ್ದು

ಹೋದ ವಾರ ಸಹೋದ್ಯೋಗಿಯ ಮಗಳು ನಮ್ಮ ಲ್ಯಾಬಿನ ಮೇಜಿನ ಮೇಲೆ ವಾಸನೆ ರಬ್ಬರೊಂದನ್ನು ಮರೆತು ಹೋಗಿದ್ದಳು. ಎತ್ತಿ ಮೂಸಿದೆ. ಸ್ಟ್ರಾಬೆರಿಯ ಅದೇ ಸುಳ್ಳು ಪರಿಮಳ... ಕಡೂರಿನ ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಬಾಗಿಲಲ್ಲಿ ಬಿಸ್ಕತ್ತಿನ ಡಬ್ಬಿ ಹಿಡಿದು ನಿಲ್ಲುತ್ತಿದ್ದ ಅಟೆಂಡರ್ ನೆನಪಾದರು.

ಅವರು ಯಗಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ನಾನು ಶಿವನಿಯಿಂದ ರೈಲಿನಲ್ಲಿ. ನಾನೆಷ್ಟು ಬೇಗ ಹೋದರೂ ಅವರು ಮೊದಲೇ ಬಂದು ಮೀಟರುಗಳ ಧೂಳು ಹೊಡೆಯುತ್ತಿದ್ದರು. ಪ್ರಾಕ್ಟಿಕಲ್ ದಿನ ಎಲ್ಲರ ರಬ್ಬರೂ ಆ ಡಬ್ಬಿಗೆ ಬೀಳಬೇಕು, ಸಂಜೆ ವಾಪಸ್ಸು. ಮೇಷ್ಟ್ರುಗಳೂ ಹಾಕದ ಕಾನೂನು ಅದು. ನಮಗೋ ಮೈಯೆಲ್ಲ ಉರಿ.

ಒಂದು ದಿನ ನನ್ನ ನಾಲ್ಕನೇ ರೀಡಿಂಗ್ ಗೆಳತಿಯದಕ್ಕೆ ಹೊಂದಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ, ಹಾಳೆ ತೂತಾಯಿತು. ಅವರು ಬಂದು ಹಾಳೆ ಎತ್ತಿ, ಆ ತೂತಿನೊಳಗಿಂದಲೇ ನನ್ನನ್ನು ನೋಡಿದರು!

"ಏನವ್ವಾ, ನಾಕನೇದು ಎಲ್ಲೋಯ್ತು?"

"ತಪ್ಪು ಬಂದಿತ್ತು ಸಾರ್."

"ತಪ್ಪು ಅಂತ ಇವತ್ತು ಅಂದ್ಕೊಂಡಿದ್ದೀಯ ಕಣವ್ವಾ. ನಾಳೆ ಏನನ್ಸುತ್ತೋ ಯಾರ್ ಕಂಡವ್ರೆ? ಒಂದು ಗೀಟು ಎಳಿ, ಕೆಳಗಿರೋದು ಓದೋ ಹಂಗಿರ್ಲಿ. ಒರೆಸ್ಬೇಡ."

ಇವರೇನು ದೊಡ್ಡ ವಿಜ್ಞಾನಿಯೇ ಎಂದು ಗೊಣಗಿಕೊಂಡೆ. ಆದರೆ ಅಭ್ಯಾಸ ಮಾತ್ರ ಅಂಟಿಕೊಂಡಿತು.

ಈಗ ನನ್ನ ಕೆಲಸ ಗ್ರಾಫೀನ್. ಪೆನ್ಸಿಲ್ ಕಡ್ಡಿಯಲ್ಲಿರುವ ಕಪ್ಪು ವಸ್ತುವಿನಿಂದ ಟೇಪು ಅಂಟಿಸಿ ಕಿತ್ತ, ಒಂದೇ ಪರಮಾಣುವಿನಷ್ಟು ದಪ್ಪದ ಪದರ. ಅಂಥ ಮೂರು ಪದರ ಒಂದರ ಮೇಲೊಂದು ಕೂತಾಗ ವಿದ್ಯುತ್ ಹೇಗೆ ಹರಿಯುತ್ತದೆಂದು ಅಳೆಯುತ್ತೇನೆ. ಈಚೆಗೆ ಒಂದು ಚೂರನ್ನು ತೀರಾ ತಣ್ಣಗೆ ಮಾಡಿದಾಗ ವಿದ್ಯುತ್ತಿಗೆ ಅದು ಒಡ್ಡುವ ರೋಧ ಇದ್ದಕ್ಕಿದ್ದಂತೆ ಜಿಗಿಯಿತು. ಕುಣಿದಾಡಿದೆ. ಎರಡನೇ ಸಲ ಅಳೆಯುವ ಮೊದಲೇ ಹೆಚ್ಚು ಕರೆಂಟ್ ಹರಿಸಿ ನಾನೇ ಅದನ್ನು ಸುಟ್ಟುಬಿಟ್ಟೆ.

"ಇನ್ನೊಂದು ಚೂರಿನಲ್ಲಿ ತೋರಿಸು, ಇಲ್ಲದಿದ್ದರೆ ಥೀಸಿಸ್‌ನಿಂದ ಆ ಅಧ್ಯಾಯ ತೆಗಿ" ಎಂದರು ಗೈಡ್. ಆ ಅಧ್ಯಾಯವೆಂದರೆ ನನ್ನ ಮೂರು ವರ್ಷ. ಹೊಸದಾಗಿ ಮಾಡಿದ ಚೂರುಗಳಲ್ಲಿ ಒಂದೂ ಕೈಗೂಡಲಿಲ್ಲ.

ಆ ಸಂಕಟದಲ್ಲೇ ರಬ್ಬರು ಸಿಕ್ಕಿದ್ದು. ಅದನ್ನು ಹಿಡಿದುಕೊಂಡೇ ಹಳೆಯ ನೋಟ್‌ಬುಕ್ ತಿರುವಿದೆ. ಹೋದ ವರ್ಷದ ಪುಟವೊಂದರಲ್ಲಿ ಬೇರೊಂದು ಮೂರು ಪದರದ ಚೂರಿನ ರೀಡಿಂಗ್, ಅದರ ಮೇಲೆ ಒಂದೇ ಗೀಟು. ಪಕ್ಕದಲ್ಲಿ 'ವೈರ್ ಸಡಿಲ?' ಎಂದು ನನ್ನದೇ ಅಕ್ಷರ. ಗೀಟಿನ ಕೆಳಗಿನ ಅಂಕಿ ಸ್ಪಷ್ಟವಾಗಿತ್ತು. ಅದೇ ಜಿಗಿತ! ಚೂರು ಇನ್ನೂ ಪೆಟ್ಟಿಗೆಯಲ್ಲಿತ್ತು. ಹೊಸ ವೈರ್ ಹಾಕಿ, ತಣ್ಣಗೆ ಮಾಡಿ, ಮೂರು ಸಲ ಅಳೆದೆ. ಮೂರು ಸಲವೂ ಜಿಗಿಯಿತು. ಅಬ್ಬಾ, ಹೋದ ಜೀವ ಬಂತು! ಸ್ಟೂಲಿನ ಮೇಲೆ ಕೂತು ಒಬ್ಬಳೇ ಜೋರಾಗಿ ನಕ್ಕೆ.

ಮರುದಿನ ಆ ಅಟೆಂಡರ್ ಅವರ ಹಳೆಯ ನಂಬರಿಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು.

"ಯುಗಾದಿ ಆದ್ಮೇಲೆ ಹೋಗ್ಬಿಟ್ರು ಕಣವ್ವಾ..."

ಇಷ್ಟು ವರ್ಷ ಒಂದು ಫೋನ್ ಮಾಡಲು ಏನಾಗಿತ್ತು ಧಾಡಿ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಹೇಳಬೇಕಾದ್ದನ್ನು ಹೇಳಿದೆ. ತಪ್ಪೆಂದು ಬಿಟ್ಟಿದ್ದ ಒಂದು ರೀಡಿಂಗ್ ಸರಿಯಿತ್ತಮ್ಮಾ, ಅದೇ ಈಗ ನನ್ನ ಕೆಲಸ ಉಳಿಸಿತು ಎಂದೆ.

ಆಕೆ ಥೇಟ್ ಗಂಡನದೇ ಗತ್ತಿನಲ್ಲಿ ಕೇಳಿದರು: "ಒರೆಸಿರ್ಲಿಲ್ಲ ತಾನೇ?"

"ಇಲ್ಲಮ್ಮಾ" ಎಂದೆ. "ಒರೆಸಿರಲಿಲ್ಲ."