ಪಾಷಾ ಭಾಯ್ ಬೇಡ ಅಂದಿದ್ದ ಅಪ್‌ಡೇಟು

ದೀಪಾವಳಿಗೆ ಬರುತ್ತೆ ಅಂದಿದ್ದು ಯುಗಾದಿ ಕಳೆದ ಮೇಲೆ ಬಂತು. ಬಂದಿದ್ದಾದರೂ ಏನು? ಕವರಿನೊಳಗೆ ಒಂದು ಡಿಸ್ಕು. ಅದನ್ನು ಹಾಕಿದ ದಿನವೇ ಚೆನ್ನಾಗಿದ್ದ ಲ್ಯಾಪ್‌ಟಾಪು ಕೆಟ್ಟು ಕೂತಿತು. ತಗೊಂಡ ಶೋರೂಮಿಗೆ ಹೋಗಿ ಕೇಳಿದರೆ "ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತೆ ಸಾರ್" ಅಂದರು. ಹಾಲು ಒಡೆದಿದೆ ಅಂತ ಹೋದಾಗ, ನಾಳೆಯ ಪ್ಯಾಕೆಟ್ ಚೆನ್ನಾಗಿರುತ್ತೆ ಹೋಗಿ ಅಂತ ಡೈರಿಯವನು ಹೇಳಿದರೆ ನಾವು ಬಿಡ್ತೀವಾ? ಇವರಿಗೆ ಮಾತ್ರ ಯಾಕೆ ಬಿಡಬೇಕು? ಇವತ್ತಿಗೂ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಆ ಶೋರೂಮಿನ ಮುಂದೆ ಬಸ್ಸು ಹೋದರೆ ನನ್ನ ಮೈಯೆಲ್ಲ ಉರಿಯುತ್ತೆ.

ಹೀಗಾಗುತ್ತೆ ಅಂತ ಮೊದಲೇ ಹೇಳಿದವರು ಒಬ್ಬರಿದ್ದರು. ಶಿವಾಜಿನಗರದ ಅಹ್ಮದ್ ಪಾಷಾ.

ಪಾಷಾ ಭಾಯ್‌ದು ಅಂಗಡಿ ಅಂದರೆ ಒಂದು ಹಲಗೆ, ಮೇಲೊಂದು ತಗಡು. ಅವರ ಅಪ್ಪ ಕಂಟೋನ್‌ಮೆಂಟ್ ಸ್ಟೇಷನ್ ಹತ್ತಿರ ಜಟಕಾ ಓಡಿಸುತ್ತಿದ್ದರಂತೆ. ಇವರು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ರೇಡಿಯೋ ರಿಪೇರಿಗೆ ಕೂತರು. ರೇಡಿಯೋ ಹೋಯಿತು, ಟೇಪ್‌ರೆಕಾರ್ಡರ್ ಬಂತು. ಜೊತೆಗೆ ಟೈಪ್‌ರೈಟರ್ ಕೆಲಸವನ್ನೂ ಕಲಿತರು. ಅದೂ ಹೋಯಿತು. ತೊಂಬತ್ತೊಂಬತ್ತು, ಎರಡು ಸಾವಿರದ ಹೊತ್ತಿಗೆ ಕಂಪನಿಗಳು ಲ್ಯಾಪ್‌ಟಾಪುಗಳನ್ನು ಗುಜರಿಗೆ ಹಾಕೋಕೆ ಶುರು ಮಾಡಿದವು. ಪಾಷಾ ಭಾಯ್ ಸತ್ತ ಲ್ಯಾಪ್‌ಟಾಪುಗಳನ್ನು ತೂಕಕ್ಕೆ ತಂದು, ಬಿಚ್ಚಿ, ಮತ್ತೆ ಜೋಡಿಸಿ ಕಸುಬು ಕಲಿತರು. ಹೇಳಿಕೊಟ್ಟವರು ಯಾರೂ ಇಲ್ಲ. ಇಂಗ್ಲಿಷ್ ಓದೋಕೆ ಬರುತ್ತಿರಲಿಲ್ಲ. ಪರದೆ ಮೇಲೆ ಬರುವ ಅಕ್ಷರಗಳ ಆಕಾರ ನೋಡಿಯೇ ಯಾವ ರೋಗ ಅಂತ ಹೇಳುತ್ತಿದ್ದರು.

ಒಂದು ಲ್ಯಾಪ್‌ಟಾಪಿಗೆ ಒಂದು ಮೊಟ್ಟೆ ಟ್ರೇ. ಯಾವ ಸ್ಕ್ರೂ ಮೊದಲು ಬಿಚ್ಚಿದರೋ ಅದು ಮೊದಲನೇ ಗುಂಡಿಯಲ್ಲಿ, ಆಮೇಲಿನದು ಎರಡನೆಯದರಲ್ಲಿ. ಹಲಗೆ ಕೆಳಗೆ ಒಂದು ನೋಟ್‌ಬುಕ್ ಇತ್ತು. ಯಾವ ಲ್ಯಾಪ್‌ಟಾಪು, ಅದರ ಹಿಂದಿನ ನಂಬರ್ ಎಷ್ಟು, ಯಾರಿಂದ ಬಂತು, ಯಾರಿಗೆ ಹೋಯಿತು, ಎಲ್ಲ ಅದರಲ್ಲಿ ಉರ್ದುವಿನಲ್ಲಿ ಬರೆದಿರುತ್ತಿದ್ದರು. ಆ ಗಲ್ಲಿಗೆ ಆಗಾಗ ಪೊಲೀಸರು ಬರುತ್ತಿದ್ದರು. ಸೆಕೆಂಡ್‌ಹ್ಯಾಂಡ್ ಮಾರುವವನು ಕಳ್ಳ ಅಂತಲೇ ಎಲ್ಲರ ಲೆಕ್ಕ. ಪಾಷಾ ಭಾಯ್ ಆ ನೋಟ್‌ಬುಕ್ ಮುಂದಿಟ್ಟು ಓದಿ ಹೇಳುತ್ತಿದ್ದರು, ಬಂದವರು ವಾಪಸ್ ಹೋಗುತ್ತಿದ್ದರು.

ನನಗೆ ಅವರ ಪರಿಚಯ ಆಗಿದ್ದು ಎರಡು ಸಾವಿರದ ಮೂರರಲ್ಲಿ. ನಾನು ದೊಡ್ಡಮುನಿಯಪ್ಪ, ಹಲಸೂರಿನವನು. ಏಳನೇ ಕ್ಲಾಸಾದ ಮೇಲೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಮೊಳೆ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಸ್ಟಾಪಿನ ಹಿಂದೆ ಲಗ್ನಪತ್ರಿಕೆ ಅಂಗಡಿ ಇಟ್ಟೆ. ರಾಯಚೂರು, ಗುಲ್ಬರ್ಗ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಅಲ್ಲಿ ಸಾಲುಮನೆಗಳಲ್ಲಿ ಬಾಡಿಗೆಗಿರುವವರೇ ನನ್ನ ಗಿರಾಕಿಗಳು. ಅವರ ಕಾರ್ಡಿನಲ್ಲಿ ಹುಡುಗ ಹುಡುಗಿ ಹೆಸರಿಗಿಂತ ಕೆಳಗಡೆ ಬರುವ 'ಸುಖಾಗಮನ ಬಯಸುವವರು' ದೊಡ್ಡದು. ಅದರಲ್ಲಿ ಐವತ್ತು, ಅರವತ್ತು ಹೆಸರು. ಯಾರು ಮೇಲೆ, ಯಾರು ಕೆಳಗೆ ಅನ್ನೋದರ ಮೇಲೆ ಸಂಬಂಧವೇ ನಿಂತಿರುತ್ತೆ. ಚೀಟಿಯಲ್ಲಿ ಬರೆದುಕೊಟ್ಟರೆ ಆಗುವ ಕೆಲಸವಲ್ಲ ಅದು. ಭಾನುವಾರ ನಾನೇ ಅವರ ರೂಮಿಗೆ ಹೋಗಿ, ಅಕ್ಕಿ ಡ್ರಮ್ಮಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂರುತ್ತಿದ್ದೆ. ಸುತ್ತ ಎರಡೂ ಕಡೆಯವರು. ಈ ಕಾಕಾನ್ನ ಮೇಲೆ ಹಾಕು, ಆ ಮಾವನ್ನ ಅವರ ಪಕ್ಕ ಹಾಕು ಅಂತ ಹೇಳುತ್ತಾ ಹೋಗುತ್ತಿದ್ದರು. ಕರೆಂಟು ಹೋದರೂ ಬ್ಯಾಟರಿ ಇತ್ತು. ಎಲ್ಲರೂ ಪರದೆ ನೋಡಿ ಹೂಂ ಅಂದ ಮೇಲೆ ನಾನು ಏಳುತ್ತಿದ್ದೆ. ಕೆ.ಆರ್. ಪುರದಲ್ಲಿ ಹಾಗೆ ಮನೆಗೆ ಹೋಗಿ ಕಾರ್ಡು ಮಾಡಿಕೊಡುತ್ತಿದ್ದವನು ನಾನೊಬ್ಬನೇ.

ಅದಕ್ಕೆ ಪಾಷಾ ಭಾಯ್ ಕೊಟ್ಟ ಕಪ್ಪು ಲ್ಯಾಪ್‌ಟಾಪು ಇಟ್ಟಿಗೆಯಂಥದ್ದು. ತೂಕವೂ ಹಾಗೇ, ಬಾಳಿಕೆಯೂ ಹಾಗೇ. ಮೂರು ವರ್ಷ ಒಂದು ದಿನವೂ ಕೈಕೊಡಲಿಲ್ಲ.

ಎರಡು ಸಾವಿರದ ಆರರಲ್ಲಿ ಎಲ್ಲಿ ನೋಡಿದರೂ ಒಂದೇ ಮಾತು. ಲ್ಯಾಪ್‌ಟಾಪನ್ನೇ ಓಡಿಸುವ ಹೊಸ ಸಿಸ್ಟಮ್ಮು ಬರುತ್ತಿದೆ. ಸ್ಪೀಡಂತೆ, ವೈರಸ್ ಬರಲ್ಲವಂತೆ, ಕನ್ನಡ ಒಳಗೇ ಇರುತ್ತಂತೆ. ಪೇಪರಿನಲ್ಲಿ ಅರ್ಧ ಪುಟ ಜಾಹೀರಾತು. ನೂರಡಿ ರಸ್ತೆಯ ಶೋರೂಮಿಗೆ ಹೋದೆ. ಟೈ ಕಟ್ಟಿದ್ದ ಕಿರಣಕುಮಾರ ಅನ್ನೋ ಸೇಲ್ಸ್‌ನವನು ತಣ್ಣನೆ ನೀರು ಕೊಟ್ಟು ಕೂರಿಸಿದ. ಈಗಲೇ ಹೊಸ ಲ್ಯಾಪ್‌ಟಾಪು ತಗೊಳ್ಳಿ, ಹಳೇದನ್ನು ಎಕ್ಸ್‌ಚೇಂಜ್‌ಗೆ ಕೊಡಿ, ದೀಪಾವಳಿಗೆ ಹೊಸ ಸಿಸ್ಟಮ್ಮಿನ ಡಿಸ್ಕು ಪುಕ್ಕಟೆ ಮನೆಗೇ ಬರುತ್ತೆ ಅಂದ.

ಕೊಡೋಕೆ ಮುಂಚೆ ಪಾಷಾ ಭಾಯ್‌ನ ಒಂದು ಮಾತು ಕೇಳೋಣ ಅಂತ ಶಿವಾಜಿನಗರಕ್ಕೆ ಹೋದೆ. ಎದುರಿನ ಟೀ ಅಂಗಡಿಯಲ್ಲಿ ನಿಂತು ಎಲ್ಲ ಹೇಳಿದೆ.

"ಬಂದಿದೆಯಾ ಅದು?" ಅಂದರು.

"ಬರ್ತಿದೆ ಅಂದೆನಲ್ಲ!"

"ಬರ್ಲಿ ಭಾಯ್. ಬಂದ್ಮೇಲೆ ಆರು ತಿಂಗಳು ಬೇರೆಯವರು ಒದ್ದಾಡ್ಲಿ. ಆಮೇಲೆ ನೋಡುವಾ. ಈಗಿರೋದು ಓಡ್ತಿದೆ ತಾನೇ? ಇನ್ನೊಂಚೂರು ಮೆಮೊರಿ ಹಾಕ್ಕೊಡ್ತೀನಿ. ಕೈಯಲ್ಲಿರೋದನ್ನ ಮಾತ್ರ ಕೊಡ್ಬೇಡಿ."

ಅಷ್ಟಕ್ಕೇ ನನಗೆ ರೇಗಿತು. ಹೊಸದು ಅಂತ ನಾನೂ ಒಂದು ತಗೊಳ್ಳೋಣ ಅಂತ ಆಸೆಯಿಂದ ಬಂದರೆ ಈ ಮನುಷ್ಯ ಹಳೇ ಮೆಮೊರಿ ಮಾರೋಕೆ ನೋಡ್ತಾನಲ್ಲ ಅನ್ನಿಸಿತು.

"ಎಲ್ಲರೂ ಹೊಸದು ತಗೊಂಡ್ರೆ ನಿಮ್ಮ ಹಲಗೆ ಎತ್ತಬೇಕಾಗುತ್ತೆ, ಅದಕ್ಕೇ ಹೀಗಂತೀರಿ! ಕದ್ದ ಮಾಲು ಮಾರೋರಿಗೆ ಹೊಸದರ ಬೆಲೆ ಏನ್ರೀ ಗೊತ್ತು?"

ಜೋರಾಗಿಯೇ ಅಂದೆ. ಅಲ್ಲಿ ಆರೇಳು ಜನ ಇದ್ದರು. ಒಬ್ಬ ನಕ್ಕ. ಹಲಸೂರಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಸೂರ್ಯ ಅನ್ನುವವರು ಗ್ಲಾಸು ಕೆಳಗಿಟ್ಟು ಪಾಷಾ ಭಾಯ್ ಮುಖವನ್ನೇ ನೋಡಿದರು. ಪಾಷಾ ಭಾಯ್, "ಟೀ ಆರ್ಹೋಗುತ್ತೆ, ಕುಡೀರಿ" ಅಂದರು, ಅಷ್ಟೇ. ನಾನು ಕುಡಿಯದೆ ಹೊರಟೆ. ಅವತ್ತೇ ಕಪ್ಪು ಲ್ಯಾಪ್‌ಟಾಪು ಶೋರೂಮಿಗೆ ಕೊಟ್ಟೆ.

ದೀಪಾವಳಿ ಆಯಿತು. ಡಿಸ್ಕು ಬರಲಿಲ್ಲ. ಕಿರಣಕುಮಾರನಿಗೆ ಫೋನ್ ಮಾಡಿದರೆ "ಆನ್ ದ ವೇ ಸಾರ್". ಸಂಕ್ರಾಂತಿಗೂ ಆನ್ ದ ವೇ. ಕಂಪನಿಯ ಫ್ರೀ ನಂಬರಿಗೆ ಮಾಡಿದರೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷ್‌ಗೆ ಎರಡು ಒತ್ತಿ. ಕನ್ನಡಕ್ಕೆ ಏನು ಒತ್ತಬೇಕು ಅಂತ ಕೇಳೋಕೆ ಅಲ್ಲಿ ಮನುಷ್ಯರೇ ಇಲ್ಲ, ಬರೀ ಪೀಪಿ ಸಂಗೀತ. ಅಲ್ಲೀತನಕ ಹೊಸ ಲ್ಯಾಪ್‌ಟಾಪು ಹಳೇ ಸಿಸ್ಟಮ್ಮಿನಲ್ಲೇ ಚೆನ್ನಾಗಿ ಓಡುತ್ತಿತ್ತು ಅನ್ನೋದನ್ನೂ ಹೇಳಬೇಕು.

ಆ ಫೆಬ್ರವರಿಯಲ್ಲಿ ಸೆಂಟ್ರಿಂಗ್ ಮೇಸ್ತ್ರಿ ಚಂದ್ರಾಮಪ್ಪನ ಮಗಳು ರೇವತಿಯ ಕಾರ್ಡಿಗೆ ಕೂತೆವು. ಲಿಂಗಸುಗೂರು ಕಡೆಯವರು. ದೊಡ್ಡ ಮಗಳ ಮದುವೆಯಲ್ಲಿ ಬೇರೆ ಪ್ರೆಸ್ಸಿನವನು ಚಂದ್ರಾಮಪ್ಪನ ಭಾವನ ಹೆಸರನ್ನು ಎರಡು ಸಾಲು ಕೆಳಗೆ ಹಾಕಿ, ಆ ಭಾವ ಅಕ್ಷತೆಗೆ ಮುಂಚೆಯೇ ತನ್ನ ಕಡೆಯವರನ್ನೆಲ್ಲ ಎಬ್ಬಿಸಿಕೊಂಡು ಹೋಗಿದ್ದರಂತೆ. ಅದಕ್ಕೇ ಈ ಸಲ ಊರಿಂದ ಹಿರಿಯರನ್ನು ಕರೆಸಿ, ಜಗಳ ಮಾಡಿ, ಸಮಾಧಾನ ಮಾಡಿ, ಮೂರು ಭಾನುವಾರ ಕೂತು ಅರವತ್ತನಾಲ್ಕು ಹೆಸರಿನ ಪಟ್ಟಿ ಮಾಡಿದೆವು. ಎಲ್ಲರೂ ಪರದೆಯಲ್ಲಿ ನೋಡಿ ಒಪ್ಪಿದರು. ಕಾಗದಕ್ಕೆ ನಾನು ತೆಗೆದಿರಲಿಲ್ಲ. ಮದುವೆ ಮೇ ತಿಂಗಳು ಅಂತಾಗಿತ್ತು, ಊರಿಂದ ಮುಹೂರ್ತದ ದಿನ ಬಂದ ಮೇಲೆ ಒಟ್ಟಿಗೆ ಅಚ್ಚು ಹಾಕೋಣ ಅಂತ ಸುಮ್ಮನಿದ್ದೆ.

ಏಪ್ರಿಲ್‌ನಲ್ಲಿ ಡಿಸ್ಕು ಬಂತು. ಇಷ್ಟು ಕಾದಿದ್ದಕ್ಕೆ ಅವತ್ತೇ ಹಾಕಿದೆ. ಏನೇನೋ ಇಂಗ್ಲಿಷಿನಲ್ಲಿ ಕೇಳಿತು, ಎಲ್ಲಕ್ಕೂ ಎಸ್ ಒತ್ತಿದೆ. ಮೂರು ಗಂಟೆ ತಗೊಂಡಿತು. ಆಮೇಲೆ ನೋಡಿದರೆ ಬಟನ್ ಒತ್ತಿ, ಟೀ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಕಾರ್ಡಿನ ಪುಟ ಕಟ್ಟುವ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ರೇವತಿಯ ಪಟ್ಟಿ ಒತ್ತಿದರೆ ಬರೀ ಖಾಲಿ ಚೌಕ, ಚೌಕ, ಚೌಕ.

ಎತ್ತಿಕೊಂಡು ಶೋರೂಮಿಗೆ ಓಡಿದೆ.

"ಸಾರ್, ನಿಮ್ಮ ಸಾಫ್ಟ್‌ವೇರ್ ಹಳೇದು" ಅಂದ ಕಿರಣಕುಮಾರ.

"ಅದನ್ನ ನೋಡೇ ತಾನೇನಯ್ಯಾ ನೀನು ಮಾರಿದ್ದು? ಕನ್ನಡ ಒಳಗೇ ಇರುತ್ತೆ ಅಂದೆ."

"ಇದೆ ಸಾರ್. ಆದ್ರೆ ಆ ಕನ್ನಡ ಬೇರೆ, ನಿಮ್ಮ ಫೈಲಿನ ಕನ್ನಡ ಬೇರೆ. ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತೆ."

"ಮದುವೆ ಮುಂದಿನ ತಿಂಗಳು ಕಣಯ್ಯಾ! ಹುಡುಗಿಗೆ ಏನಂತ ಹೇಳ್ಲಿ? ಮುಂದಿನ ಅಪ್‌ಡೇಟ್ ಬರೋ ತನಕ ಹಸೆಮಣೆ ಮೇಲೆ ಕೂತಿರಮ್ಮ ಅನ್ಲಾ?"

ಪಕ್ಕದಲ್ಲಿದ್ದ ಗಿರಾಕಿಗಳು ನಕ್ಕರು. ನನಗೇನೂ ನಗು ಬರಲಿಲ್ಲ. ಮೊದಲಿದ್ದ ಸಿಸ್ಟಮ್ಮೇ ವಾಪಸ್ ಹಾಕು ಅಂದೆ. ಆ ಪಾಲಿಸಿ ಇಲ್ಲವಂತೆ. ನನ್ನ ಕಪ್ಪು ಲ್ಯಾಪ್‌ಟಾಪಾದರೂ ಕೊಡು ಅಂದೆ. ಅದು ಬೇರೆ ಹಳೇ ಮಾಲಿನ ಜೊತೆ ಲಾಟ್‌ನಲ್ಲಿ ಹೋಯಿತಂತೆ. ಸೆಕ್ಯುರಿಟಿಯವನು ಬಂದು ನನ್ನ ತೋಳು ಹಿಡಿದ. ದುಡ್ಡು ಕೊಟ್ಟು ತಗೊಂಡವನನ್ನು ಬಾಗಿಲಿಗೆ ದಬ್ಬೋಕೆ ಮಾತ್ರ ಅವರು ಅಪ್‌ಡೇಟಿಗೆ ಕಾಯಲಿಲ್ಲ.

ಅಂಗಡಿಗೆ ಬಂದರೆ ಚಂದ್ರಾಮಪ್ಪ ಮುಹೂರ್ತದ ಚೀಟಿ ಹಿಡಿದು ಕೂತಿದ್ದ. ನಡೆದದ್ದು ಹೇಳಿದೆ. ಮತ್ತೆ ಒಂದು ಸಲ ಕೂತು ಹೆಸರು ಹೇಳಿದರೆ ಬರ್ಕೊಳ್ತೀನಿ ಅಂದೆ.

"ಏನಂತೀರಿ ಮುನಿಯಪ್ಪಣ್ಣಾ? ಮತ್ತ ಕುಂತ್ರ ಮತ್ತ ಜಗಳಾರೀ. ಮೂರು ಐತವಾರ ಕೈಕಾಲು ಹಿಡಿದು ಒಪ್ಪಿಸೀವಿ. ಪಟ್ಟಿ ಹೋತು ಅಂದ್ರ, ಬೇಕಂತನ ಕಳದಾರ ಅಂತಾರ ಬೀಗರು. ಸಂಬಂಧ ಮುರೀತದ್ರೀ."

ಅವನು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ತಿರುಗಿ ಬಯ್ದು ಹಗುರಾಗುತ್ತಿದ್ದೆ. ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಶಿವಾಜಿನಗರದ ಬಸ್ಸು ಹತ್ತಿದೆ. ಬೇರೆ ಯಾರ ಹತ್ತಿರ ಹೋಗಲಿ?

ಆರು ತಿಂಗಳ ಮೇಲೆ ಮುಖ ತೋರಿಸುತ್ತಿದ್ದೆ. ಪಾಷಾ ಭಾಯ್ ತಲೆ ಎತ್ತಿ, "ಬನ್ನಿ, ಹಾಕ್ಬಿಟ್ರಾ?" ಅಂದರು. ಹೂಂ ಅಂದೆ. ಮೊಟ್ಟೆ ಟ್ರೇ ಎಳೆದುಕೊಂಡು ಹೊಸ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚೋಕೆ ಕೂತರು. ಹಾರ್ಡ್‌ಡಿಸ್ಕನ್ನು ಹೊರಗೆ ತೆಗೆದಿಟ್ಟು, ಹಲಗೆ ಕೆಳಗಿಂದ ಒಂದು ಕಪ್ಪು ಲ್ಯಾಪ್‌ಟಾಪು ಎತ್ತಿದರು. ಅದರ ಮೂಲೆಯಲ್ಲಿ ಅರಿಶಿನದ ಕಲೆ.

"ಗುರುತು ಸಿಕ್ತಾ?"

ನನ್ನದೇ, ಆ ಕಲೆ ಯಾವುದೋ ಲಗ್ನದ ಮನೆಯಲ್ಲಿ ಹತ್ತಿದ್ದು. ಶೋರೂಮಿನವರ ಎಕ್ಸ್‌ಚೇಂಜ್ ಮಾಲೆಲ್ಲ ಲಾಟ್‌ನಲ್ಲಿ ಆ ಗಲ್ಲಿಗೇ ಬರುತ್ತಿತ್ತು. ನೋಟ್‌ಬುಕ್ ತೆರೆದು ಬೆರಳಿಟ್ಟು ಓದಿ ಹೇಳಿದರು. ಎರಡು ಸಾವಿರದ ಮೂರು, ಹೋಗಿದ್ದು ಮುನಿಯಪ್ಪ. ಎರಡು ಸಾವಿರದ ಆರು, ಬಂದಿದ್ದು ಶೋರೂಮ್. ನಂಬರ್ ಒಂದೇ.

"ಗಿರಾಕಿ ಬಂದಿದ್ರು, ಕೊಡ್ಲಿಲ್ಲ. ಒಳಗೆ ನಿಮ್ಮ ಕನ್ನಡ ಅಕ್ಷರ, ಕಾರ್ಡಿನ ಸಾಫ್ಟ್‌ವೇರ್ ಎಲ್ಲಾ ಹಾಗೇ ಇತ್ತು. ಅದನ್ನ ಅಳಿಸಿ ಮಾರ್ಬೇಕಲ್ಲ, ಮನಸ್ಸು ಬರ್ಲಿಲ್ಲ."

ಹಾರ್ಡ್‌ಡಿಸ್ಕಿಗೆ ಒಂದು ಕೇಬಲ್ ಸಿಕ್ಕಿಸಿ ಕಪ್ಪು ಲ್ಯಾಪ್‌ಟಾಪಿಗೆ ಕೊಟ್ಟರು. ಪಟ್ಟಿ ತೆರೆದುಕೊಂಡಿತು. ಅರವತ್ತನಾಲ್ಕೂ ಹೆಸರು, ಅದೇ ಸಾಲಿನಲ್ಲಿ, ಭಾವನ ಹೆಸರು ಮೇಲಿಂದ ಮೂರನೆಯದು. ಮೂರು ಸಲ ಎಣಿಸಿದೆ. ಆಮೇಲೆ ಅಲ್ಲೇ ಪಕ್ಕದ ಅಂಗಡಿಯಲ್ಲಿ ಮೊದಲು ಕಾಗದಕ್ಕೆ ತೆಗೆಸಿದೆ. ಕಾರ್ಡು ಅಚ್ಚಾಯಿತು, ಲಿಂಗಸುಗೂರಿಗೆ ಹೋಯಿತು, ಮದುವೆಗೆ ಆ ಭಾವ ಎರಡು ದಿನ ಮುಂಚೆಯೇ ಬಂದು ಚಪ್ಪರ ಹಾಕಿಸಿದರಂತೆ. ಪಾಷಾ ಭಾಯ್ ತಮ್ಮ ಕೂಲಿ ಎಷ್ಟೋ ಅಷ್ಟೇ ತಗೊಂಡರು. ನಾನು ಮತ್ತೆ ಕಪ್ಪು ಲ್ಯಾಪ್‌ಟಾಪಿಗೇ ಬಂದೆ.

ಅದಾಗಿ ಒಂದು ವರ್ಷಕ್ಕೆ ಬ್ಯಾಟರಿ ಬದಲಾಯಿಸೋಕೆ ಹೋಗಿದ್ದೆ. ಪಾಷಾ ಭಾಯ್ ಹೆಂಡತಿ ಚಾಂದ್ ಬೀ ಊಟದ ಡಬ್ಬಿ ತಂದಿದ್ದರು. ವ್ಯಾಪಾರ ಹೇಗಿದೆಯಮ್ಮ ಅಂತ ಮಾತಿಗೆ ಕೇಳಿದೆ.

"ಎಲ್ಲಿ ವ್ಯಾಪಾರ ಅಣ್ಣಾ? ಹಲಸೂರಲ್ಲಿ ಸೂರ್ಯ ಸಾರ್ ಕ್ಲಾಸಲ್ಲಿ ಹದಿನೆಂಟು ಕಂಪ್ಯೂಟರ್ ಇವ್ರೇ ನೋಡ್ಕೋತಿದ್ರು. ತಿಂಗಳು ತಿಂಗಳು ಕೆಲಸ. ಯಾರೋ ಟೀ ಅಂಗಡೀಲಿ ಇವ್ರನ್ನ ಕದ್ದ ಮಾಲು ಮಾರೋರು ಅಂದ್ರಂತೆ. ಮಾರನೇ ವಾರವೇ ಬಿಡಿಸ್ಬಿಟ್ರು. ಅಂದಿದ್ದು ಯಾರು ಅಂತ ಎರಡು ವರ್ಷದಿಂದ ಕೇಳ್ತಿದೀನಿ, ಹೇಳಲ್ಲ ಈ ಮನುಷ್ಯ."

ಪಾಷಾ ಭಾಯ್ ಬ್ಯಾಟರಿ ಜಾಗಕ್ಕೆ ಬೀಳುವ ತನಕ ಒತ್ತಿ ನನ್ನ ಮುಂದಿಟ್ಟರು. ನಾನೂ ಬಾಯಿ ಬಿಡಲಿಲ್ಲ. ಶೋರೂಮಿನಲ್ಲಿ ಅಷ್ಟು ಕೂಗಾಡಿದ ಬಾಯಿ.

ಒಂದು ವಾರ ಬಿಟ್ಟು ಹೋದೆ. ಅವರೊಬ್ಬರೇ ಇದ್ದರು.

"ಪಾಷಾ ಭಾಯ್, ಅವತ್ತು ನಾನು ಆಡಿದ್ದು ತಪ್ಪು. ನೀವು ಕದ್ದ ಮಾಲು ಮಾರೋರಲ್ಲ."

"ನಂಗೆ ಯಾಕೆ ಹೇಳ್ತೀರಿ ಭಾಯ್? ನಾನು ಕದ್ದಿಲ್ಲ ಅಂತ ನಂಗೆ ಗೊತ್ತು."

ಸಿಟ್ಟಿನಿಂದ ಹೇಳಿದ ಮಾತಲ್ಲ. ಯಾರಿಗೆ ಹೇಳಬೇಕಿತ್ತು ಅಂತ ನನಗೂ ಗೊತ್ತಾಯಿತು. ಅಲ್ಲಿಂದ ಸೀದಾ ಹಲಸೂರಿಗೆ ನಡೆದೆ. ಸೂರ್ಯ ಅವರ ಕ್ಲಾಸಿದ್ದ ಮಹಡಿಯಲ್ಲಿ ಬ್ಯೂಟಿ ಪಾರ್ಲರ್ ಬೋರ್ಡಿತ್ತು. ಮನೆ ಮಾಲೀಕರನ್ನು ಕೇಳಿದೆ. ಹೋದ ವರ್ಷವೇ ಮುಚ್ಚಿಕೊಂಡು ಹೋದರು, ಮೈಸೂರೋ ಮಂಡ್ಯವೋ ಗೊತ್ತಿಲ್ಲ ಅಂದರು. ಫೋನ್ ನಂಬರ್ ಕೊಟ್ಟರು, ಅದು ಚಾಲ್ತಿಯಲ್ಲಿಲ್ಲ. ಟೀ ಅಂಗಡಿಯಲ್ಲಿ ಅವತ್ತಿದ್ದ ಮಿಕ್ಕವರ ಹೆಸರಾಗಲಿ ಮುಖವಾಗಲಿ ನನಗೆ ನೆನಪಿಲ್ಲ. ನಕ್ಕವನ ಹಲ್ಲು ಮಾತ್ರ ನೆನಪಿದೆ.

ಸಂಜೆ ಹೊತ್ತಿಗೆ ತಿರುಗಿ ಶಿವಾಜಿನಗರಕ್ಕೆ ಬಂದೆ.

"ಸಿಕ್ಕಿದ್ರಾ?" ಅಂದರು ಪಾಷಾ ಭಾಯ್. ನಾನು ಎಲ್ಲಿಗೆ ಹೋಗಿದ್ದೆ ಅಂತ ಅವರಿಗೆ ಹೇಳಿರಲಿಲ್ಲ.

"ಇಲ್ಲ."

ಅವರು ಎದುರಿನ ಅಂಗಡಿಗೆ ಕೈ ಮಾಡಿ ಎರಡು ಟೀ ಹೇಳಿದರು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ದುಡ್ಡೂ ಅವರೇ ಕೊಟ್ಟರು.