ಮೇಸ್ತ್ರಿ ಮನೆ ಮುಂದಿನ ಚರಂಡಿ

ರಸ್ತೆಯಲ್ಲಿ ಹೋಗುವಾಗ ಜನ ರಸ್ತೆ ನೋಡುತ್ತಾರೆ. ನಾನು ಚರಂಡಿ ನೋಡುತ್ತೇನೆ. ನೆಂಟರ ಮದುವೆಗೆಂದು ಬಾಳೆಲೆ ಊರಿಗೆ ಹೊರಟರೂ ಜೀಪಿನಿಂದ ತಲೆ ಹೊರಗೆ ಹಾಕಿಯೇ ಇರುತ್ತೇನೆ. "ಎಂತ ಇದು, ನನ್ನನ್ನು ನೋಡೋಕೆ ಬಂದಾಗಲೂ ಇಷ್ಟು ಬಗ್ಗಿ ನೋಡಿರಲಿಲ್ಲ ನೀವು" ಎನ್ನುತ್ತಾಳೆ ಹೆಂಡತಿ. ನಿಜ. ಆಗ ನಾನಿನ್ನೂ ರಸ್ತೆ ಕೆಲಸಕ್ಕೆ ಸೇರಿರಲಿಲ್ಲ.

ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ರಸ್ತೆಯ ವಿಷಯದಲ್ಲಿ ಯಾರೆದುರೂ ತಲೆ ತಗ್ಗಿಸಿದವನಲ್ಲ. ಕೊಡಗಿನ ರಸ್ತೆಯನ್ನು ಕೆಡಿಸುವುದು ಲಾರಿಗಿಂತ ಹೆಚ್ಚಾಗಿ ದಾರಿ ಸಿಗದ ನೀರು. ಗದ್ದೆಗೆ ನೀರು ಬಿಡುವ ಮೊದಲು ಅದು ಹೊರಹೋಗುವ ಬಾಯಿ ಬಿಡಿಸಿಡಬೇಕೆಂದು ಪ್ರತಿ ರೈತನಿಗೂ ಗೊತ್ತು. ಅದೇ ರೈತ ಟಾರು ಕಂಡರೆ ಇದನ್ನು ಮರೆಯುತ್ತಾನೆ. ಚರಂಡಿ ತೆಗೆಯುವ ಕೂಲಿ ಟಾರಿನ ಖರ್ಚಿನ ಎದುರು ಏನೂ ಅಲ್ಲ. ಆದರೂ ಚರಂಡಿ ತೆಗೆಸಿದ್ದಕ್ಕೆ ಯಾರಿಗಾದರೂ ಹಾರ ಹಾಕಿದ್ದನ್ನು ನಾನು ಕಂಡಿಲ್ಲ. ನೀವು ಕಂಡಿದ್ದೀರಾ?

ನಾನೀಗ ಕಂಟ್ರಾಕ್ಟರರ ಹತ್ತಿರ ಮೇಸ್ತ್ರಿ. ಕಳೆದ ಬೇಸಿಗೆಯಲ್ಲಿ ಹೊಸದಾಗಿ ಬಂದ ಇಂಜಿನಿಯರ್ ಮೇಡಂ ನಮ್ಮ ಹುದಿಕೇರಿ ಕಡೆಯ ರಸ್ತೆಯನ್ನು ನಡೆದೇ ನೋಡಿದರು. ಇದ್ದ ಹಣದಲ್ಲಿ ಒಂದು ತುಂಡಿಗೆ ಹೊಸ ಟಾರು ಹಾಕಬಹುದಿತ್ತು. ಇಲ್ಲವೇ ಇಡೀ ರಸ್ತೆಯ ಚರಂಡಿ ತೆಗೆದು, ಗುಂಡಿ ಮುಚ್ಚಬಹುದಿತ್ತು.

"ನೀವೇನು ಹೇಳ್ತೀರಿ ಮೇಸ್ತ್ರಿ?" ಎಂದರು. ನನ್ನನ್ನು ಹಾಗೆ ಕೇಳಿದ ಮೊದಲ ಇಂಜಿನಿಯರ್ ಅವರು.

"ಮೊದಲು ನೀರಿಗೆ ದಾರಿ ಕೊಡಿ ಮೇಡಂ. ಆಮೇಲೆ ನಮಗೆ."

"ಚರಂಡಿಗೆ ಯಾರು ಮಾರಾಯ ಭೂಮಿಪೂಜೆ ಮಾಡ್ತಾರೆ?" ಎಂದು ಕಂಟ್ರಾಕ್ಟರ್ ಗೊಣಗಿದರು. ಮೇಡಂ ನನ್ನ ಮಾತನ್ನೇ ಹಿಡಿದರು. ಚರಂಡಿ ತೆಗೆಯುವ ಕೆಲಸ ಇಲಾಖೆಯ ಕೂಲಿಗಳ ಗ್ಯಾಂಗಿಗೆ, ಗುಂಡಿ ಮುಚ್ಚುವುದು ನಮಗೆ. ಈ ಮಳೆಗಾಲ ರಸ್ತೆ ಉಳಿದರೆ ಪ್ರತಿ ವರ್ಷ ಹೀಗೇ, ಕೆಟ್ಟರೆ ಹಳೇ ಪದ್ಧತಿ ಎಂದು ಮೇಲಿನವರು ಒಪ್ಪಿದ್ದರಂತೆ. ಆ ವಾರವೆಲ್ಲ ನಾನು ಸ್ವಲ್ಪ ಎದೆ ಮುಂದೆ ಮಾಡಿಯೇ ನಡೆದೆ.

ನಮ್ಮಲ್ಲೊಂದು ಅಭ್ಯಾಸವಿದೆ. ಕಾಫಿ ಕುಯ್ಲಿನ ಕಾಲಕ್ಕೆ ಪಿಕಪ್ ಅಂಗಳಕ್ಕೆ ಬರಲೆಂದು ಗೇಟಿನ ಮುಂದಿನ ಒಣ ಚರಂಡಿಗೆ ಕಲ್ಲು, ಮಣ್ಣು ತುಂಬುವುದು, ಮಳೆಗೆ ಮುಂಚೆ ತೆಗೆಯುವುದು. ಬಹಳ ಮಂದಿ ಮೊದಲನೆಯದನ್ನು ಮಾತ್ರ ಮಾಡುತ್ತಾರೆ. ಗೇಟಿನಿಂದ ಗೇಟಿಗೆ ಹೋಗಿ, ಬೈದು, ಎಲ್ಲರಿಂದಲೂ ತೆಗೆಸಿದೆ.

ಮಳೆ ಹಿಡಿಯಿತು. ರಸ್ತೆ ಗಟ್ಟಿಯಾಗಿ ನಿಂತಿತು, ಒಂದು ತಿರುವು ಬಿಟ್ಟು. ಅಲ್ಲಿ ಚರಂಡಿಯ ನೀರು ಕಲ್ಲಿಗೆ ಹೊಡೆದು, ರಸ್ತೆಗೆ ಏರಿ, ಟಾರಿನ ಅಡಿಯ ಮಣ್ಣು ತಿಂದು, ಅರ್ಧ ರಸ್ತೆಯನ್ನೇ ಕೆಳಗಿನ ತೋಟಕ್ಕೆ ಎಳೆದುಕೊಂಡು ಹೋಯಿತು. ಬಸ್ಸು ತಿರುವಿನ ಆಚೆಯೇ ನಿಂತಿತು. ಆಸ್ಪತ್ರೆಗೆ ಹೋಗುವವರು ಕೆಸರಿನಲ್ಲಿ ನಡೆದರು.

ಆ ಗೇಟು ನನ್ನದು. ನನ್ನ ಅರ್ಧ ಎಕರೆ ಕಾಫಿಗಾಗಿ ನಾನೇ ತುಂಬಿದ ಕಲ್ಲು.

ಚರಂಡಿ ಗ್ಯಾಂಗಿನ ಕೆಲಸವಲ್ಲವೇ, ಅವರು ತೆಗೆದಾರು ಎಂದುಕೊಂಡಿದ್ದೆ. ಗ್ಯಾಂಗಿನ ಕುಶಾಲಪ್ಪ ನನ್ನ ಹಳೆಯ ಸ್ನೇಹಿತ, ಅವನನ್ನೇ ಕೇಳಿದೆ. "ಊರಿಗೆಲ್ಲ ಬೈಯುವ ಮೇಸ್ತ್ರಿ ಮನೆ ಮುಂದೆ ನಾವು ಗುದ್ದಲಿ ಹಾಕಿದ್ರೆ ನಿನಗೆ ಅವಮಾನ ಅಲ್ವಾ ಮಾರಾಯ? ನೀನೇ ತೆಗೀತೀ ಅಂತ ಬಿಟ್ಟೆವು" ಎಂದ. ಗೌರವ ಇಷ್ಟು ದುಬಾರಿಯೆಂದು ನನಗೆ ಗೊತ್ತಿರಲಿಲ್ಲ.

ಮೇಡಂ ಬಂದು ಕಲ್ಲು ನೋಡಿದರು, ಗೇಟು ನೋಡಿದರು, ನನ್ನನ್ನು ನೋಡಿದರು. "ನೀರಿಗೆ ದಾರಿ ಕೊಡಿ ಅಂತ ನೀವೇ ಹೇಳಿದ್ರಲ್ಲ ಮೇಸ್ತ್ರಿ" ಎಂದರು, ಅಷ್ಟೇ. ಬೈದಿದ್ದರೆ ಅಂದಿನ ಊಟವಾದರೂ ಸೇರುತ್ತಿತ್ತು. ಅವರ ಜೀಪು ಹೋದ ಮೇಲೆ ಸುರಿಯುವ ಮಳೆಯಲ್ಲೇ ಕಲ್ಲು ಕಿತ್ತೆ. ನೀರು ಒಮ್ಮೆಲೇ ಇಳಿದುಹೋಯಿತು. ರಸ್ತೆ ಆಗಲೇ ಹೋಗಿತ್ತು.

ಮೇಲಿನವರಿಗೆ ಆ ತಿರುವಿನ ಫೋಟೋ ಒಂದೇ ಸಾಕಾಯಿತು. ಈ ವರ್ಷ ಚರಂಡಿಗೆ ಹಣವಿಲ್ಲ. ತಿರುವಿಗೆ ತಡೆಗೋಡೆ, ಮೇಲೆ ಹೊಸ ಟಾರು. ಭೂಮಿಪೂಜೆ ನಮ್ಮ ಗೇಟಿನ ಮುಂದೆಯೇ ಆಯಿತು. ಹೆಂಡತಿ ತಟ್ಟೆಯಲ್ಲಿ ಹೂವು, ಕುಂಕುಮ ತಂದಳು. "ಮನೆಯವರೇ ಒಡೀರಿ ಮೇಸ್ತ್ರಿ" ಎಂದು ಕಂಟ್ರಾಕ್ಟರ್ ತೆಂಗಿನಕಾಯಿಯನ್ನು ನನ್ನ ಕೈಗಿಟ್ಟರು.

ಒಡೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಬಗ್ಗಿ ಚರಂಡಿ ನೋಡುತ್ತಿದ್ದೆ. ಕಾಯಿಯ ನೀರು ಅದಕ್ಕಿಳಿದು, ಎಲ್ಲೂ ನಿಲ್ಲದೆ, ನನ್ನ ಗೇಟು ದಾಟಿ ಹೋಯಿತು.