ಬೀಸುವಾಗ ಹಾಡಿದ ಸುಳ್ಳು

ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಓದು ಅಷ್ಟಕ್ಕೇ ನಿಂತರೂ ಹಾಡು ಕಟ್ಟುವುದು ಬರುತ್ತಿತ್ತು. ನಮ್ಮ ಕಡೆ ಹೆಂಗಸರು ಬೀಸುವಾಗ ತವರನ್ನೂ ಅಣ್ಣತಮ್ಮಂದಿರನ್ನೂ ಹೊಗಳಿ ಹಾಡುತ್ತಾರೆ. ಅದರಲ್ಲಿ ಒಂದಿಷ್ಟು ಉಬ್ಬಿಸುವುದು ಇದ್ದದ್ದೇ. ನಾನು ಉಬ್ಬಿಸಲಿಲ್ಲ, ಸುಳ್ಳನ್ನೇ ಹಾಡಿದೆ.

ನನ್ನ ತವರು ಸಂಪಗಾಂವ. ಕೊಟ್ಟದ್ದು ರಾಮದುರ್ಗದ ಕಡೆಯ ಸಾಲಹಳ್ಳಿಗೆ. ಒಬ್ಬನೇ ಅಣ್ಣ, ಮಿಲಿಟರಿಯಲ್ಲಿದ್ದ. ಎಪ್ಪತ್ತೊಂದರ ಲಡಾಯಿಯ ಹೊತ್ತಿಗೆ ನನ್ನ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಊರಿಗೆ ಗಿರಣಿ ಬಂದಿತ್ತು. ಆದರೆ ಗಿರಣಿಯ ಹಿಟ್ಟು ಕಾದು ಬರುತ್ತದೆ, ರೊಟ್ಟಿ ಹರಿಯುತ್ತದೆ ಎಂದು ನಮ್ಮತ್ತೆ ಜೋಳವನ್ನು ಮನೆಯಲ್ಲೇ ಬೀಸಿಸುತ್ತಿದ್ದಳು. ನಸುಕಿನಲ್ಲಿ ಇಬ್ಬರೂ ಬೀಸುಕಲ್ಲಿನ ಗೂಟ ಹಿಡಿದು ಕೂಡುತ್ತಿದ್ದೆವು. ಅತ್ತೆ ಕಿತ್ತೂರಿನ ಲಡಾಯಿಯ ಹಾಡು ಹೇಳುತ್ತಿದ್ದಳು. ಅವಳ ಅಜ್ಜಿ ಕಲಿಸಿದ್ದಂತೆ. ನುಡಿನುಡಿಗೂ ಕತ್ತಿ, ಕುದುರೆ, ನೆತ್ತರು. ಒಂದು ದಿನ ನಡುವೆ ನಿಲ್ಲಿಸಿ ಕೇಳಿದಳು:

“ನಿಮ್ಮಣ್ಣ ಲಡಾಯ್ಯಾಗ ಏನ್ ಮಾಡ್ತಾನ? ಬರೇ ಪಗಾರ ತಗೊಂಡು ಕುಂತಾನೇನು?”

ಅಣ್ಣ ಅಲ್ಲಿ ಅಡುಗೆಯವನಾಗಿದ್ದ. ಕಾರ್ಡಿನಲ್ಲಿ ಬರೆದಿದ್ದ, ನಾನೇ ಓದಿದ್ದೆ. ಗಂಡಸು ಸೌಟು ಹಿಡಿದ ಎಂದರೆ ಇಡೀ ಓಣಿ ನಗುತ್ತದೆ ಎನಿಸಿ ಬಂದೂಕು ಎಂದೆ. ಅಷ್ಟಕ್ಕೇ ಬಿಡದೆ, ಅಣ್ಣನ ಬಂದೂಕಿನ ಸಪ್ಪಳಕ್ಕೆ ವೈರಿಯ ತೋಪು ಬಾಯಿ ಮುಚ್ಚಿತು ಎಂದು ನುಡಿಯನ್ನೂ ಕಟ್ಟಿದೆ. ಅತ್ತೆಗೆ ಹಿಡಿಸಿಬಿಟ್ಟಿತು. ಕಿತ್ತೂರಿನ ಹಾಡು ಮುಗಿದ ಕೂಡಲೇ ಅದನ್ನೂ ಹಾಡತೊಡಗಿದಳು. ನೋಡನೋಡುತ್ತ ಓಣಿಯ ಎಲ್ಲ ಕಲ್ಲುಗಳ ಮುಂದೆಯೂ ನನ್ನಣ್ಣನ ಬಂದೂಕು ಹಾರತೊಡಗಿತು. ಬಾವಿಗೆ ಹೋದರೆ ಮೊದಲ ಕೊಡ ತುಂಬಲು ನನಗೇ ಬಿಡುತ್ತಿದ್ದರು. ನಾನೂ ತುಂಬಿಕೊಳ್ಳುತ್ತಿದ್ದೆ.

ಪಂಚಮಿಗೆ ನನ್ನನ್ನು ಕರೆಯಲು ಅಪ್ಪನೇ ಬರುತ್ತಿದ್ದ. ಲಡಾಯಿ ಮುಗಿದ ಮೂರನೇ ವರ್ಷ, ಮಿಲಿಟರಿ ಬಿಟ್ಟು ಬಂದಿದ್ದ ಅಣ್ಣ ಬಂದ. ರಾತ್ರಿ ಪಡಸಾಲೆಯಲ್ಲಿ ಮಲಗಿದ. ನಸುಕಿನಲ್ಲಿ ಅತ್ತೆ ಅವನಿಗೆ ಕೇಳಲೆಂದೇ ದನಿ ಎತ್ತಿದಳು. ಕಲ್ಲಿನ ಸಪ್ಪಳವಾದರೂ ಹಾಡನ್ನು ಮುಚ್ಚಲಿ ಎಂದು ನಾನು ಗೂಟವನ್ನು ಜೋರಾಗಿ ತಿರುಗಿಸಿದೆ. ಮುಚ್ಚಲಿಲ್ಲ.

“ಕೇಳಿದ್ರೇನ್ರಿ ಬೀಗರ, ನಿಮ್ಮ ಹಾಡಾ?” ಚಹಾ ಕೊಡುವಾಗ ಅತ್ತೆ ಕೇಳಿದಳು.

ಅಣ್ಣ ನನ್ನ ಕಡೆ ಒಮ್ಮೆ ನೋಡಿದ. “ಕೇಳಿದ್ನಿರಿ. ಆ ಬಂದೂಕದಾಂವ ಯಾರೋ ಭಾಳ ಗಟ್ಟಿ ಅದಾನ್ರಿ.”

ದೊಡ್ಡಸ್ತಿಕೆ ತೋರಿಸದ ಮನುಷ್ಯ ಎಂದುಕೊಂಡು ಅತ್ತೆ ನಕ್ಕಳು. ನಾನು ಚಹಾ ಅಲ್ಲೇ ಬಿಟ್ಟು ಬಟ್ಟೆಯ ಗಂಟು ಕಟ್ಟಲು ಎದ್ದೆ.

ಬೈಲಹೊಂಗಲದ ಬಸ್ಸಿಗಾಗಿ ಸವದತ್ತಿಯಲ್ಲಿ ಇಳಿದಾಗ ಬಾಯಿ ಬಿಟ್ಟೆ. “ಯಣ್ಣಾ, ನೀ ಅಡಗಿ ಮಾಡ್ತೀ ಅಂತ ಹೇಳಾಕ ನನಗ ನಾಚಿಗಿ ಆತು.”

“ಮೊದಲನೇ ತಿಂಗಳು ನನಗೂ ಆಗಿತ್ತು, ಬಿಡು.” ಬೀಡಿ ಹಚ್ಚಿದ. “ನಿಮ್ಮತ್ತಿ ಹಾಡಿನ್ಯಾಗ ಅಷ್ಟು ಮಂದಿ ಕತ್ತಿ ಹಿಡದಾರಲ್ಲ, ಅವರಿಗೆ ರೊಟ್ಟಿ ಬಡದವ್ರು ಯಾರಂತ?”

ನಾನು ನಗಲು ಹೋದೆ. ಅವನು ನಗಲಿಲ್ಲ.

“ಒಂದಿನ ಎಲ್ಲಾರಿಗೂ ಚಪಾತಿ ಮಾಡಿಟ್ಟಿದ್ನಿ. ನಾಕು ಮಂದೀದು ಹಂಗ ಉಳದ್ವು. ಬಂದಾರು ಅಂತ ಅರಿವಿ ಮುಚ್ಚಿ ಇಟ್ನಿ. ಮುಂಜಾನಿ ತೆಗದು ನೋಡಿದ್ರ ಕಟಕಟಿ ಆಗಿದ್ವು.” ಬಸ್ಸು ಬರುವ ದಾರಿ ನೋಡುತ್ತ ಹೇಳಿದ. “ಅವರ ಹೆಸರು ಯಾವ ಹಾಡಿನ್ಯಾಗೂ ಇಲ್ಲ. ಇದ್ದದ್ದು ನಂದೊಂದು, ಅದೂ ಸುಳ್ಳು.”

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ.

ಸಂಪಗಾಂವದಲ್ಲಿ ಪಂಚಮಿಯ ಉಂಡೆಗೆಂದು ಕಡಲೆ ಬೀಸಲು ಕೂತಾಗ ಅಣ್ಣ ಬಂದು ನನ್ನೆದುರು ಗೂಟ ಹಿಡಿದ.

“ಗಂಡಸಾಗಿ ಕಲ್ಲಿಗೆ ಕುಂದ್ರತಿಯೇನೋ ಮೂಳಾ!” ಎಂದು ಅವ್ವ ಕೂಗಿದಳು.

“ನೂರಾರು ಮಂದಿಗೆ ಕುದಿಸಿ ಹಾಕೇನಿ ಯವ್ವಾ, ಒಂದ್ ಸೇರು ಬೀಸಿದ್ರ ಸಾಯ್ತೇನೇನು?”

ಬೀಸುತ್ತ ಆ ನಾಲ್ಕು ಹೆಸರು ಹೇಳಿದ. ಬೇರೆ ಬೇರೆ ಸೀಮೆಯವರು. ಒಂದು ಹೆಸರಂತೂ ನನ್ನ ಬಾಯಲ್ಲಿ ಹೊರಳಲು ಮೂರು ಸಲ ಹೇಳಿಸಬೇಕಾಯಿತು. ಬುಟ್ಟಿಯಲ್ಲಿ ಅರಿವೆ ಮುಚ್ಚಿಟ್ಟ ಚಪಾತಿ ಅವರ ದಾರಿ ಕಾಯುತ್ತಿದೆ ಎಂದು ನುಡಿ ಕಟ್ಟಿದೆ. ಅಣ್ಣ ಕೇಳಿ, ಒಪ್ಪಿ ತಲೆದೂಗಿದ. ಇನ್ನು ಉಳಿದದ್ದು ಅತ್ತೆ. ಬಂದೂಕಿನ ಹಾಡನ್ನು ಮೂರು ವರ್ಷ ಮೆರೆಸಿದ ಓಣಿಯಲ್ಲಿ ಅವಳ ಮುಖ ಕೆಳಗಾದರೆ, ಆ ಮನೆಯಲ್ಲಿ ನಾನು ತಲೆ ಎತ್ತುವುದು ಹೇಗೆ?

ಸಾಲಹಳ್ಳಿಗೆ ಮರಳಿದ ಮೊದಲ ನಸುಕಿನಲ್ಲೇ ಎಲ್ಲ ಹೇಳಿಬಿಟ್ಟೆ. ಅತ್ತೆ ಕಲ್ಲು ನಿಲ್ಲಿಸಿದಳು.

“ಹಂಗಾರ ಇಷ್ಟು ವರ್ಷ ನಾ ಸುಳ್ಳು ಹಾಡೇನಿ?”

“ಹೌದ್ರಿ ಅತ್ತಿ.”

“ಓಣಿ ತುಂಬ ಹಾಡಿಸೀದಿ, ಕಳ್ಳಿ!”

ತಲೆ ತಗ್ಗಿಸಿ ಕೂತೆ. ಆಮೇಲೆ ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿದ ಸಪ್ಪಳ ಕೇಳಿತು.

“ಆ ನಾಕು ಹೆಸರು ಹೇಳು. ಸಾವಕಾಶ ಹೇಳು, ನನಗ ಹೊಸಾವು.”

ಬುಟ್ಟಿಯ ಜೋಳ ತೀರುವ ಹೊತ್ತಿಗೆ ಅವಳ ಬಾಯಿಗೆ ಮೂರು ಹೆಸರು ಬಂದಿದ್ದವು. ನಾನು ಅಳುತ್ತಿದ್ದೆ, ಬೀಸುತ್ತಲೂ ಇದ್ದೆ. ಆವತ್ತಿನಷ್ಟು ಹಗುರಾಗಿ ಆ ಕಲ್ಲು ಎಂದೂ ತಿರುಗಿರಲಿಲ್ಲ.

ಬಂದೂಕಿನ ನುಡಿ ಮಾತ್ರ ಪೂರಾ ಸಾಯಲಿಲ್ಲ. ಓಣಿಯ ಹುಡುಗಿಯೊಬ್ಬಳು ಅದನ್ನು ಕಲಿತು ಗಂಡನ ಊರಿಗೆ ಒಯ್ದಿದ್ದಳು. ಈಗ ಅಲ್ಲಿ ಯಾರ್‍ಯಾರು ಹಾಡುತ್ತಾರೋ, ಅದು ನನ್ನ ಕೈಮೀರಿದ್ದು. ನಮ್ಮ ಮನೆಯಲ್ಲಿ ಮಾತ್ರ ಕಿತ್ತೂರಿನ ಹಾಡಿನ ಬೆನ್ನಿಗೆ ಆ ನಾಲ್ವರೇ ಬರುತ್ತಿದ್ದರು.

ಮರುವರ್ಷ ಅಣ್ಣ ಪಂಚಮಿಗೆ ಬಂದಾಗ ಅತ್ತೆ ಏನೆನ್ನುತ್ತಾಳೋ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. ಅವನು ಊಟಕ್ಕೆ ಕೂಡುವ ಮೊದಲೇ ಅತ್ತೆ ಒಂದು ಬಟ್ಟಲಲ್ಲಿ ಬ್ಯಾಳಿ ತಂದು, ನೆರೆಮನೆಯವರಿಗೂ ಕೇಳುವಂತೆ ಹೇಳಿದಳು:

“ಮಿಲ್ಟ್ರಿ ಅಡಗಿಯವ್ರ, ಉಪ್ಪು ನೋಡ್ರಿ.”

ಅಣ್ಣ ರುಚಿ ನೋಡಿದ. “ಒಂಚೂರು ಕಡಿಮಿ ಐತ್ರಿ.”

ತನ್ನ ಅಡುಗೆಗೆ ಯಾರಿಂದಲೂ ಮಾತು ಕೇಳಿಸಿಕೊಳ್ಳದ ಅತ್ತೆ, ಉಪ್ಪು ಹಾಕಲು ಒಳಗೆ ಹೋದಳು.